ಗೊತ್ತಿಲ್ಲದ ಪದಕ್ಕೆ ಸುಳ್ಳು ಅರ್ಥ ಕಟ್ಟೋದು ಹೇಗೆ? ನನ್ನದು ಪ್ರತಿ ಸಲ ಸಿಕ್ಕಿಬೀಳುತ್ತೆ

ಮೂರನೇಸಾಲು
ಒಂದು ಸಣ್ಣ ಸಹಾಯ ಬೇಕು. ನಾವು ಐದಾರು ಜನ ಸೇರಿದಾಗ ಒಂದು ಆಟ ಆಡುತ್ತೇವೆ. ಒಬ್ಬರು ನಿಘಂಟು ತೆಗೆದು ಯಾರೂ ಕೇಳಿರದ ಪದವೊಂದನ್ನು ಹುಡುಕುತ್ತಾರೆ. ಪದ ಮಾತ್ರ ಹೇಳುತ್ತಾರೆ, ಅರ್ಥ ಹೇಳುವುದಿಲ್ಲ. ಉಳಿದವರು ತಲಾ ಒಂದು ಸುಳ್ಳು ಅರ್ಥವನ್ನು ಚೀಟಿಯಲ್ಲಿ ಬರೆದು ಕೊಡಬೇಕು. ನಿಜವಾದ ಅರ್ಥವೂ ಒಂದು ಚೀಟಿಯಲ್ಲಿ ಸೇರುತ್ತದೆ. ಎಲ್ಲವನ್ನೂ ಕಲೆಸಿ ಓದುತ್ತಾರೆ. ನಿಜ ಯಾವುದು ಅಂತ ಹಿಡಿದವರಿಗೆ ಒಂದು ಅಂಕ. ನಿಮ್ಮ ಸುಳ್ಳನ್ನು ಯಾರಾದರೂ ನಂಬಿದರೆ ನಿಮಗೆ ತಲೆಗೊಂದು ಅಂಕ.

ಹೋದ ವಾರ ಬಂದ ಪದ 'ಖಲ್ವಾಟ'. ನಾನು ಬರೆದದ್ದು ಇದು: 'ಕಲ್ಲಿನಿಂದ ಆಡುವ ಆಟ. ಸಾಮಾನ್ಯವಾಗಿ ಯಾರದಾದರೂ ತಲೆ ಒಡೆದಾಗ ಮುಗಿಯುತ್ತದೆ.' ಚೀಟಿ ಓದಿ ಮುಗಿಸುವ ಮೊದಲೇ ಮೂರು ಜನ ನನ್ನ ಕಡೆ ಬೆರಳು ತೋರಿಸಿದರು. ಎಲ್ಲರೂ ನಕ್ಕರು, ಸರಿ. ಆದರೆ ಅಂಕ ಸೊನ್ನೆ. ಹೀಗೆ ಎಂಟು ವಾರದಿಂದ ಸೊನ್ನೆ.

ನಗಿಸಲೂ ಬೇಕು, ನಂಬಿಸಲೂ ಬೇಕು. ಎರಡೂ ಒಟ್ಟಿಗೆ ಆಗುತ್ತಾ? ನಿಮ್ಮ ಬಳಿ ಒಳ್ಳೇ ಪದ, ಒಳ್ಳೇ ಸುಳ್ಳು ಇದ್ದರೆ ಹಾಕಿ.

ಸುಮ್ನಿರಿ
ಖಲ್ವಾಟ ಅಂದ್ರೆ ಬೋಳುತಲೆಯವನು. ನಿಮ್ಮ ಅರ್ಥದಲ್ಲೂ ತಲೆ ಇತ್ತಲ್ಲ, ಅರ್ಧ ಅಂಕ ಕೊಡಬಹುದಿತ್ತು.

ಒಂಟಿಕೊಂಬು
ನಿಜವಾದ ಅರ್ಥ ಗೊತ್ತಾದ ಮೇಲೂ ಆಟ ಮುಂದುವರಿಸಬಹುದು ನೋಡಿ.
ಖಲ್ವಾಟ: (ನಾ) ಉಳಿದ ನಾಲ್ಕು ಕೂದಲನ್ನು ಎಡಗಿವಿಯಿಂದ ಬಲಗಿವಿಗೆ ದಿನಾ ಬೆಳಿಗ್ಗೆ ಸಾಗಿಸುವ ವ್ಯವಸ್ಥೆ. ಗಾಳಿ ಬೀಸಿದ ದಿನ ರಜೆ.

ನಿಘಂಟುಹುಳ
ಮೂರನೇಸಾಲು ಅವರೇ, ನಿಮ್ಮ ತಪ್ಪು ಎಲ್ಲಿದೆ ಅಂತ ಎರಡನೇ ವಾಕ್ಯದಲ್ಲೇ ಗೊತ್ತಾಗುತ್ತದೆ. 'ಕಲ್ಲಿನಿಂದ ಆಡುವ ಆಟ' ಅಂತ ನಿಲ್ಲಿಸಿದ್ದರೆ ಯಾರಾದರೂ ಒಬ್ಬರು ನಂಬುತ್ತಿದ್ದರು. ನೀವು ತಲೆ ಒಡೆಯೋಕೆ ಹೋದಿರಿ. ನಿಘಂಟು ಬರೆಯುವವರು ಜೋಕ್ ಹೇಳುವುದಿಲ್ಲ. ಅವರಿಗೆ ಜಾಗವೂ ಇಲ್ಲ, ಪುರುಸೊತ್ತೂ ಇಲ್ಲ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ. ಸುಮಾರು 70 ಸಾವಿರ ಪದ. ಅಷ್ಟು ಪದಕ್ಕೆ ಅರ್ಥ ಬರೆಯುವ ಮನುಷ್ಯ ಒಂದೊಂದಕ್ಕೂ ಎಷ್ಟು ಒಣಗಿದ ದನಿಯಲ್ಲಿ ಬರೆದಿರಬೇಕು ಅಂತ ಊಹಿಸಿ. ಆ ದನಿ ಹಿಡಿಯಿರಿ.

ನನ್ನ ಲೆಕ್ಕ ಇಷ್ಟೇ. 'ಸಾಮಾನ್ಯವಾಗಿ' ಅನ್ನೋ ಪದ ಬಂದರೆ ಸುಳ್ಳು. ಪೂರ್ಣ ಕ್ರಿಯಾಪದದಲ್ಲಿ ವಾಕ್ಯ ಮುಗಿದರೂ ಸುಳ್ಳು. ನಿಜವಾದ ನಿಘಂಟು 'ಆಡುವ ಆಟ. ಒಂದು ಬಗೆಯ ಕ್ರೀಡೆ' ಅಂತ ಮುಗಿಸಿಬಿಡುತ್ತದೆ. 'ಒಂದು ಬಗೆಯ' ಅನ್ನೋದು ಚಿನ್ನದಂಥ ಮಾತು. 'ಒಂದು ಬಗೆಯ ಹಕ್ಕಿ', 'ಒಂದು ಬಗೆಯ ಗಿಡ'. ಅದನ್ನು ಸೇರಿಸಿ ನೋಡಿ, ಅರ್ಧ ಜನ ಬಲೆಗೆ ಬೀಳುತ್ತಾರೆ.

ಕಾಗುಣಿತ
ಒಪ್ಪಲ್ಲ. ಹಾಗಾದರೆ ಅದು ಮೋಸದ ಆಟ ಆಯಿತು, ನಗೆಯ ಆಟ ಅಲ್ಲ. ನನಗೆ ಅಂಕ ಬೇಡ, ಓದಿದವರು ಒಂದು ಕ್ಷಣ ತಬ್ಬಿಬ್ಬಾಗಬೇಕು. ಪದದ ಸದ್ದಿನಲ್ಲೇ ಅರ್ಥ ಅಡಗಿತ್ತು ಅನ್ನಿಸಬೇಕು. ಉದಾಹರಣೆಗೆ:

ತಿತಿಕ್ಷೆ: (ನಾ) ಬಂದೇ ಬಿಟ್ಟಿತು ಅನ್ನಿಸಿ, ಮುಖ ಎಲ್ಲ ಸೊಟ್ಟ ಮಾಡಿಸಿ, ಕೊನೆಗೆ ಬಾರದೇ ಹೋದ ಸೀನು.

ಒಮ್ಮೆ ಜೋರಾಗಿ ಹೇಳಿ ನೋಡಿ. ತಿ... ತಿ... ಕ್ಷೆ!

ಅರೆನಿದ್ದೆ
ಜೋರಾಗಿ ಹೇಳಿದೆ. ಪಕ್ಕದಲ್ಲಿದ್ದವರು 'ಚಿರಂಜೀವಿ' ಅಂದರು.

ಒಂಟಿಕೊಂಬು
ಕಾಗುಣಿತ, ಇದು ಬಹಳ ಚೆನ್ನಾಗಿದೆ. ಅದೇ ಜಾತಿಯ ಇನ್ನೆರಡು ನನ್ನ ಕಡೆಯಿಂದ:

ಚಿಕೀರ್ಷೆ: (ನಾ) ಎಲ್ಲರೂ ಮಲಗಿದ ಮೇಲೆ ಮಾತ್ರ ಬಾಗಿಲು ಮಾಡುವ ಸದ್ದು. ಹಗಲಲ್ಲಿ ಎಷ್ಟು ಎಳೆದಾಡಿದರೂ ಬರುವುದಿಲ್ಲ.

ಬುಭುಕ್ಷೆ: (ನಾ) ಸುಡುವ ತುತ್ತನ್ನು ಬಾಯಿಗೆ ಹಾಕಿಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ಆಡುವ ಭಾಷೆ. ಲಿಪಿ ಇಲ್ಲ.

ಸುಮ್ನಿರಿ
'ಲಿಪಿ ಇಲ್ಲ' 😂 ಸಾಕು, ಇವತ್ತಿಗೆ ಇಷ್ಟು ಸಾಕು.

ಅರ್ಕಾವತ್ತು
ಇವು ಯಾಕೆ ಇಷ್ಟು ನಗು ತರಿಸುತ್ತವೆ ಅಂತ ಯಾರಾದರೂ ಯೋಚಿಸಿದ್ದೀರಾ? ಮೂರಕ್ಕೂ ಒಂದೇ ಕಾರಣ. ಸಂಸ್ಕೃತದಲ್ಲಿ 'ಮಾಡಬೇಕೆಂಬ ಆಸೆ' ಅನ್ನೋದನ್ನು ಹೇಳೋಕೆ ಧಾತುವಿನ ಮೊದಲ ಭಾಗವನ್ನು ಎರಡು ಸಲ ಹೇಳುತ್ತಾರೆ. ಕುಡಿಯುವ ಆಸೆ ಪಿಪಾಸೆ, ತಿಳಿಯುವ ಆಸೆ ಜಿಜ್ಞಾಸೆ, ಉಣ್ಣುವ ಆಸೆ ಬುಭುಕ್ಷೆ, ಮಾಡುವ ಆಸೆ ಚಿಕೀರ್ಷೆ. ಅದಕ್ಕೇ ಎಲ್ಲವೂ ತೊದಲಿದ ಹಾಗೆ ಕೇಳಿಸುತ್ತವೆ. ಆಸೆ ಜಾಸ್ತಿಯಾದರೆ ಮಾತು ತೊದಲುತ್ತದೆ ಅಂತ ಬೇಕಾದರೆ ನೀವೇ ಒಂದು ಸುಳ್ಳು ವ್ಯಾಕರಣ ಕಟ್ಟಿಕೊಳ್ಳಿ.

ತಿತಿಕ್ಷೆ ಮಾತ್ರ ಸ್ವಲ್ಪ ಬೇರೆ. ಅದರ ರೂಪ ಹಾಗೇ ಇದೆ, ಅರ್ಥದಲ್ಲಿ ಆಸೆ ಇಲ್ಲ. ಸಹನೆ, ತಡೆದುಕೊಳ್ಳುವುದು ಅಂತ ಅರ್ಥ.

ಕಾಗುಣಿತ
ಅಯ್ಯೋ, ಸೀನು ತಡೆದುಕೊಳ್ಳುವುದೂ ತಿತಿಕ್ಷೆಯೇ ಆಯಿತಲ್ಲ! ನನಗೆ ಗೊತ್ತೇ ಇರಲಿಲ್ಲ.

ನಿಘಂಟುಹುಳ
ಗೊತ್ತಿರಲಿಲ್ಲ ಅಂತ ನಂಬೋಣ.

ಬಿಳಿಹಾಳೆ
ಕ್ಷಮಿಸಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ. ನಮ್ಮಲ್ಲಿ ನಿಜವಾದ ಅರ್ಥವೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದರ ಮೇಲೆ ಸುಳ್ಳು ಅರ್ಥ ಹರಡಿದರೆ? ಇಲ್ಲಿ ಓದಿದ ಯಾರೋ ಒಬ್ಬರು ಚಿಕೀರ್ಷೆ ಅಂದರೆ ಬಾಗಿಲಿನ ಸದ್ದು ಅಂತಲೇ ತಿಳಿದುಕೊಂಡು ಹೋಗುತ್ತಾರೆ. ನಾಳೆ ಎಲ್ಲೋ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಪದಗಳು ಮೊದಲೇ ಸಾಯುತ್ತಿವೆ. ಸಾಯುವ ಪದಕ್ಕೆ ಮೀಸೆ ಬರೆದು ನಗಬೇಕಾ?

ಸುಮ್ನಿರಿ
ಒಬ್ಬರು ಬರೆದೇ ಬರೆಯುತ್ತಾರೆ ಅಂತ ಕಾಯ್ತಾ ಇದ್ದೆ.

ಸೋದರಮಾವ
ಬಿಳಿಹಾಳೆ ಅವರು ಹೇಳಿದ್ದನ್ನು ತಮಾಷೆ ಮಾಡಬೇಡಿ. ನನಗೆ ಆಗಿದೆ.

ನನ್ನ ಅಕ್ಕನ ಮಗಳು ಐದನೇ ಕ್ಲಾಸು. ಒಂದು ಸಂಜೆ ಏನೋ ಸಂತೋಷಕ್ಕೆ ನಾನು ಹಾಡು ಹಾಕಿಕೊಂಡು ಕುಣಿಯುತ್ತಿದ್ದೆ. ಹಾಡು ನಿಂತಿತು, ನಾನು ನಿಲ್ಲಲಿಲ್ಲ. ಅವಳು ನೋಡಿ ನಕ್ಕಳು. ನಾನು ದೊಡ್ಡ ಪಂಡಿತನ ಹಾಗೆ, 'ಇದಕ್ಕೆ ಮತ್ಕುಣ ಅಂತಾರೆ. ಮತ್ತೆ ಮತ್ತೆ ಕುಣಿಯುವವನು' ಅಂದೆ. ಪದ ಎಲ್ಲೋ ಓದಿದ್ದೆ, ಅರ್ಥ ನನಗೂ ಗೊತ್ತಿರಲಿಲ್ಲ. ಸುಮ್ನೆ ಹೇಳಿದ್ದು.

ಎರಡು ವಾರದ ಮೇಲೆ ಅವಳ ನೋಟ್‌ಬುಕ್ ನೋಡಿದೆ. 'ಸ್ವಂತ ವಾಕ್ಯದಲ್ಲಿ ಬಳಸಿರಿ' ಅಂತ ಇತ್ತು. ಮಕ್ಕಳೇ ಒಂದು ಹೊಸ ಪದ ಆರಿಸಿಕೊಳ್ಳಬೇಕಿತ್ತಂತೆ. ಇವಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ನನ್ನ ಮಾವ ಒಬ್ಬ ಮತ್ಕುಣ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವನು ಇಷ್ಟ.'

ಮತ್ಕುಣ ಅಂದರೆ ತಿಗಣೆ.

ಮೇಷ್ಟ್ರಿಗೆ ಸಂಸ್ಕೃತ ಬರುತ್ತಿತ್ತು ಅಂತ ಕಾಣುತ್ತೆ. ತಪ್ಪು ಅಂತ ಗೆರೆ ಎಳೆದಿರಲಿಲ್ಲ. ವಾಕ್ಯದಲ್ಲಿ ವ್ಯಾಕರಣ ಸರಿ ಇತ್ತಲ್ಲ, ಪೂರ್ತಿ ಅಂಕ ಕೊಟ್ಟು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸಣ್ಣದಾಗಿ 'ಪಾಪ' ಅಂತ ಬರೆದಿದ್ದರು. ಪಾಪ ಅಂದದ್ದು ನನಗೋ ಮನೆಯವರಿಗೋ ಇವತ್ತಿಗೂ ಗೊತ್ತಾಗಿಲ್ಲ.

ಅರೆನಿದ್ದೆ
ನಾನು ನಗುವುದನ್ನು ನಿಲ್ಲಿಸೋಕೆ ಆಗ್ತಾ ಇಲ್ಲ. 'ಎಲ್ಲರಿಗೂ ಅವನು ಇಷ್ಟ.'

ಒಂಟಿಕೊಂಬು
ಆದರೆ ಒಂದು ಮಾತು. ತಿಗಣೆ ಇರುವ ಮಂಚದಲ್ಲಿ ಮಲಗಿದವರು ರಾತ್ರಿಯೆಲ್ಲ ಮತ್ತೆ ಮತ್ತೆ ಕುಣಿಯುತ್ತಾರೆ. ನಿಮ್ಮ ಅರ್ಥ ಪೂರ್ತಿ ತಪ್ಪಲ್ಲ. ಕುಣಿಯುವವರು ಯಾರು ಅನ್ನೋದಷ್ಟೇ ಅದಲುಬದಲಾಗಿದೆ.

ಸೋದರಮಾವ
ಇದನ್ನು ಅಕ್ಕನಿಗೆ ಹೇಳುತ್ತೇನೆ. ಅವಳು ಈಗಲೂ ಫೋನ್ ಮಾಡಿದಾಗ 'ಏನೋ ತಿಗಣೆ' ಅಂತಲೇ ಶುರು ಮಾಡೋದು.

ನಿಘಂಟುಹುಳ
ಬಿಳಿಹಾಳೆ ಅವರಿಗೆ ಒಂದು ಉತ್ತರ. ಸುಳ್ಳು ಪದ ಹರಡುವುದಕ್ಕೆ ನಮ್ಮಂಥ ಸೋಮಾರಿಗಳೇ ಬೇಕಿಲ್ಲ, ನಿಘಂಟುಗಳೇ ಆ ಕೆಲಸ ಮಾಡಿವೆ. ವೆಬ್‌ಸ್ಟರ್ ನಿಘಂಟಿನ 1934ರ ದೊಡ್ಡ ಆವೃತ್ತಿಯಲ್ಲಿ 'ಡಾರ್ಡ್' ಅಂತ ಒಂದು ಪದ ಇತ್ತು. ಅರ್ಥ ಸಾಂದ್ರತೆ ಅಂತ ಕೊಟ್ಟಿದ್ದರು. ಅಂಥ ಪದವೇ ಇಲ್ಲ. ಆಗಿದ್ದೇನು ಅಂದರೆ, 1931ರಲ್ಲಿ ರಸಾಯನಶಾಸ್ತ್ರದ ಸಂಪಾದಕರು ಒಂದು ಚೀಟಿ ಬರೆದಿದ್ದರು. ಸಾಂದ್ರತೆಗೆ ಸಂಕ್ಷೇಪವಾಗಿ ದೊಡ್ಡ 'ಡಿ' ಅಥವಾ ಸಣ್ಣ 'ಡಿ' ಬಳಸಬಹುದು ಅಂತ. ಇಂಗ್ಲಿಷಿನಲ್ಲಿ 'ಅಥವಾ' ಎಂಬುದಕ್ಕೆ ಎರಡೇ ಅಕ್ಷರ ತಾನೇ. ಆ ಕಡೆ ಒಂದು ಡಿ, ಈ ಕಡೆ ಒಂದು ಡಿ, ನಡುವೆ ಆ ಎರಡು ಅಕ್ಷರ. ಯಾರೋ ನಾಲ್ಕನ್ನೂ ಕೂಡಿಸಿ ಓದಿದರು. ಡಾರ್ಡ್ ಹುಟ್ಟಿತು. ಉಚ್ಚಾರಣೆ ಹೇಗೆ ಅಂತಲೂ ಬರೆದರು!

1939ರಲ್ಲಿ ಒಬ್ಬ ಸಂಪಾದಕರಿಗೆ ಈ ಪದದ ಮೂಲ ಎಲ್ಲಿಯದು ಅಂತ ಕೊಟ್ಟೇ ಇಲ್ಲವಲ್ಲ ಅಂತ ಅನುಮಾನ ಬಂತು. ಆಗ ಸಿಕ್ಕಿಬಿತ್ತು. ಐದು ವರ್ಷ ಯಾರಿಗೂ ತೊಂದರೆ ಆಗಲಿಲ್ಲ. ಯಾರೂ ಅದನ್ನು ಬಳಸಲೇ ಇಲ್ಲ.

ಕಾಗುಣಿತ
ಬೇಕೆಂದೇ ಸುಳ್ಳು ಪದ ಹಾಕಿದ್ದೂ ಇದೆ ಅಲ್ವಾ? ಕಳ್ಳರನ್ನು ಹಿಡಿಯೋಕೆ.

ನಿಘಂಟುಹುಳ
ಹೌದು. ಅಮೆರಿಕನ್ ಇಂಗ್ಲಿಷಿಗೆ ಅಂತ ಆಕ್ಸ್‌ಫರ್ಡ್‌ನವರು 2001ರಲ್ಲಿ ತಂದ ನಿಘಂಟಿನಲ್ಲಿ 'ಎಸ್ಕ್ವಿವೇಲಿಯನ್ಸ್' ಅಂತ ಒಂದು ಪದ ಇತ್ತು. ಬೇಕೆಂದೇ ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳುವುದು ಅಂತ ಅರ್ಥ. ಪೂರ್ತಿ ಕಟ್ಟಿದ ಪದ. ಬೇರೆ ಯಾರ ನಿಘಂಟಿನಲ್ಲಾದರೂ ಅದು ಕಾಣಿಸಿಕೊಂಡರೆ ಇವರದ್ದನ್ನು ನಕಲು ಮಾಡಿದ್ದಾರೆ ಅಂತ ಗೊತ್ತಾಗಲಿ ಅಂತ ಇಟ್ಟ ಬೋನು.

ಸುಮ್ನಿರಿ
ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಪದ ಹುಟ್ಟಿಸಿ ಕೆಲಸ ಮಾಡಿದ್ದಾರೆ. ಭೇಷ್.

ಬಿಳಿಹಾಳೆ
ಸರಿ, ಸೋತೆ ಅಂತಲ್ಲ. ಆದರೆ ಒಂದು ನಿಯಮ ಇಟ್ಟುಕೊಳ್ಳೋಣವಾ? ಸುಳ್ಳು ಅರ್ಥ ಹಾಕಿದವರು ಅಥವಾ ಅವರ ಹಿಂದೆ ಬಂದವರು ನಿಜವಾದ ಅರ್ಥವನ್ನೂ ಹಾಕಲಿ. ಮತ್ತೊಂದು ತಕರಾರು. ಎಲ್ಲರೂ ಸಂಸ್ಕೃತದ ಪದಗಳ ಮೇಲೇ ಯಾಕೆ ಬಿದ್ದಿದ್ದೀರಿ? ಅಚ್ಚಗನ್ನಡದಲ್ಲಿ ಮರೆತುಹೋದ ಪದ ಇಲ್ಲವಾ?

ಮೂರನೇಸಾಲು
ನಿಯಮ ಒಪ್ಪಿದೆ. ಅಚ್ಚಗನ್ನಡದ್ದೂ ಬರಲಿ. ನನ್ನದೊಂದು ಪ್ರಯತ್ನ, ಬೈಯಬೇಡಿ.
ಪಿಸುಣ: (ನಾ) ಪಿಸುಗುಡುತ್ತಾ ಉಣ್ಣುವವ, ನಡುರಾತ್ರಿ ಫ್ರಿಜ್ ಬಾಗಿಲನ್ನು ಸದ್ದಿಲ್ಲದೆ ತೆಗೆಯಬಲ್ಲವ.

ಅರ್ಕಾವತ್ತು
ಚೆನ್ನಾಗಿದೆ, ಆದರೆ ಪಿಸುಣ ಸಂಸ್ಕೃತದ 'ಪಿಶುನ'ದ ತದ್ಭವ. ಚಾಡಿಕೋರ ಅಂತ ಅರ್ಥ. ಬಿಳಿಹಾಳೆ ಅವರು ಒಪ್ಪಲಿಕ್ಕಿಲ್ಲ.

ಬಿಳಿಹಾಳೆ
ತದ್ಭವ ಆದಮೇಲೆ ಅದು ನಮ್ಮದೇ. ಒಪ್ಪಿದೆ. 🙂

ನಿಘಂಟುಹುಳ
ಎರಡನೇ ಅರ್ಥ ಮತ್ತೆ ಸಿಕ್ಕಿಬೀಳಿಸುತ್ತಿದೆ ಮೂರನೇಸಾಲು ಅವರೇ. ಫ್ರಿಜ್ ಬಿಡಿ. ಹಳೇ ಪದಕ್ಕೆ ಫ್ರಿಜ್ ಹೇಗೆ ಬಂತು ಅಂತ ಕೇಳುತ್ತಾರೆ.

ಒಂಟಿಕೊಂಬು
ನನ್ನ ಮೂರು. ಬಿಳಿಹಾಳೆ ಅವರ ಗೌರವಾರ್ಥ ಎಲ್ಲವೂ ಹಳಗನ್ನಡದ ಕಡೆಯವು.

ಒಸಗೆ: (ನಾ) ಹೊಸದು ಅಂತ ಕೊಂಡು ತಂದು, ಪೆಟ್ಟಿಗೆ ಬಿಚ್ಚಿದ ಕೂಡಲೇ 'ಹ' ಕಳೆದುಕೊಂಡ ವಸ್ತು.

ಗೊಂದಣ: (ನಾ) ಆರು ಜನ ಒಟ್ಟಿಗೆ ತಿಂದ ಬಿಲ್ಲು ಮೇಜಿನ ಮೇಲೆ ಬಂದು ಬಿದ್ದಾಗ, ಎಲ್ಲರಿಗೂ ಒಟ್ಟಿಗೇ ತುರ್ತು ಫೋನ್ ಬರುವ ಸ್ಥಿತಿ. ಗೊಂದಲ + ಹಣ.

ಪೊಣರ್: (ನಾ) 'ನೀನೇ ಇಡು', 'ಇಲ್ಲ, ನೀನು ಮೊದಲು ಇಡು' ಅನ್ನುತ್ತಾ ಅರ್ಧ ಗಂಟೆಯಾದರೂ ಫೋನ್ ಇಡದ ಇಬ್ಬರು.

ಬಿಳಿಹಾಳೆ
ನಿಯಮದ ಪ್ರಕಾರ ನಿಜವಾದದ್ದು ನಾನು ಹಾಕುತ್ತೇನೆ. ಒಸಗೆ ಅಂದರೆ ಶುಭ ಸಮಾಚಾರ, ಸಂಭ್ರಮ. ಗೊಂದಣ ಅಂದರೆ ಗುಂಪು, ಸಮೂಹ. ಪೊಣರ್ ಅಂದರೆ...

ಒಂದು ನಿಮಿಷ. ಪೊಣರ್ ಅಂದರೆ ನಿಜವಾಗಿಯೂ ಜೋಡಿ! ಒಂದನ್ನೊಂದು ಬಿಟ್ಟಿರಲಾರದ ಜಕ್ಕವಕ್ಕಿಗೆ 'ಪೊಣರ್ವಕ್ಕಿ' ಅಂತ ಹೆಸರಿದೆ. ನೀವು ನಿಘಂಟು ನೋಡಿಯೇ ಬರೆದದ್ದು ತಾನೇ?

ಒಂಟಿಕೊಂಬು
ಆಣೆ ಮಾಡಿ ಹೇಳುತ್ತೇನೆ, ಇಲ್ಲ. 'ಫೋನರ್' ಅಂತ ಕೇಳಿಸಿತು, ಬರೆದೆ ಅಷ್ಟೇ.

ಅರ್ಕಾವತ್ತು
ಇದಕ್ಕೇ ಒಂದು ಪದ ಇದೆ. ಘುಣಾಕ್ಷರ. ಮರ ಕೊರೆಯುವ ಹುಳು ತನ್ನ ಪಾಡಿಗೆ ತಾನು ಮರ ತಿನ್ನುತ್ತಾ ಹೋಗುತ್ತದೆ. ಒಂದು ದಿನ ನೋಡಿದರೆ ಅದು ತಿಂದ ಗೆರೆ ಒಂದು ಅಕ್ಷರದ ಆಕಾರಕ್ಕೆ ಬಂದಿರುತ್ತದೆ. ಹುಳುವಿಗೆ ಓದು ಬರುವುದಿಲ್ಲ, ಬರೆಯುವ ಉದ್ದೇಶವೂ ಇಲ್ಲ. ಆದರೂ ಅಕ್ಷರ ಆಗಿಬಿಟ್ಟಿದೆ. ಹಾಗೆ ಆಕಸ್ಮಿಕವಾಗಿ ಸರಿಹೋದದ್ದಕ್ಕೆ ಘುಣಾಕ್ಷರ ನ್ಯಾಯ ಅನ್ನುತ್ತಾರೆ.

ಅರೆನಿದ್ದೆ
ನಾನು ಇದನ್ನು 'ವೈದ್ಯರ ಕೈಬರಹ' ಅಂತ ಬರೆಯೋಣ ಅಂತಿದ್ದೆ. ನಿಜವಾದದ್ದೇ ಇಷ್ಟು ಚೆನ್ನಾಗಿದ್ದರೆ ನಾವು ಸುಳ್ಳು ಕಟ್ಟೋದು ಯಾಕೆ?

ಒಂಟಿಕೊಂಬು
ಅಂದರೆ ನನ್ನನ್ನು ಹುಳು ಅಂದರು. ಅದೂ ಓದು ಬಾರದ ಹುಳು. ಇಷ್ಟು ನಯವಾಗಿ ಯಾರೂ ಬೈದಿರಲಿಲ್ಲ.

ನಿಘಂಟುಹುಳ
ಹುಳುಗಳ ಸಂಘಕ್ಕೆ ಸ್ವಾಗತ.

ಪೂರ್ಣವಿರಾಮ
ತಡವಾಗಿ ಬಂದೆ. ಎಲ್ಲ ಓದಿದೆ. ನನ್ನ ಪಾಲಿನದು ಎರಡು.

ವಾವದೂಕ: (ನಾ) ಫೋಟೊ ತೆರೆದು ನೋಡದೆಯೇ 'ವಾವ್' ಅಂತ ಬರೆದು ಮುಂದಕ್ಕೆ ದೂಕುವವ.
ಗಾಂಪ: (ನಾ, ಏಕವಚನ) 'ಗುಂಪು' ಎಂಬುದರ ಏಕವಚನ, ವಾಟ್ಸ್‌ಆ್ಯಪ್ ಗುಂಪಿನಿಂದ ಎಲ್ಲರೂ ಹೊರಟುಹೋದ ಮೇಲೂ ಶುಭೋದಯ ಹಾಕುತ್ತಿರುವ ಅಡ್ಮಿನ್.

ನಿಜವಾದ ಅರ್ಥ: ವಾವದೂಕ ಅಂದರೆ ಬಾಯಿಬಡುಕ. ಗಾಂಪ ಅಂದರೆ ದಡ್ಡ, ಒರಟ.

ಸುಮ್ನಿರಿ
ಗಾಂಪ ನನಗೆ ಬಹಳ ಹತ್ತಿರದಿಂದ ತಾಗಿತು.

ಮೂರನೇಸಾಲು
ವಾವ್.

ಪೂರ್ಣವಿರಾಮ
ಓದಿ 'ವಾವ್' ಅಂದ್ರಾ, ಓದದೇ ದೂಕಿದ್ರಾ?

ಅರ್ಕಾವತ್ತು
ವಾವದೂಕ ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ. ಕೊನೆಯಲ್ಲಿರುವ 'ಊಕ' ಒಂದು ಪ್ರತ್ಯಯ. ಅದೇ ಚಟ ಇರುವವನು ಅಂತ ಅರ್ಥ ಕೊಡುತ್ತದೆ. ಸದಾ ಮಾತಾಡುವವನು ವಾವದೂಕ. ಸದಾ ಕಚ್ಚುವುದು ದಂದಶೂಕ, ಅಂದರೆ ಹಾವು. ಸದಾ ಎಚ್ಚರವಾಗಿರುವವನು... ಹೇಳಿ ನೋಡೋಣ?

ಕಾಗುಣಿತ
ಜಾಗರೂಕ!! ಅಯ್ಯೋ, ದಿನಾ ಬಳಸುವ ಪದ. ಇಷ್ಟು ದಿನ ಅದರ ಬಾಲ ನೋಡೇ ಇರಲಿಲ್ಲ.

ಒಂಟಿಕೊಂಬು
ಇವರ ಕೈಗೆ ಈ ಬಾಲ ಕೊಡಬಾರದಿತ್ತು. ಶುರು:
ಫಾರ್ವರ್ಡೂಕ: ಸದಾ ಫಾರ್ವರ್ಡ್ ಮಾಡುವವ.

ಅರೆನಿದ್ದೆ
ಸ್ನೂಜೂಕ: ಅಲಾರಂ ಹೊಡೆದಾಗಲೆಲ್ಲ ಇನ್ನೈದು ನಿಮಿಷ ಕೇಳುವವ. ನಾನೇ.

ಪೂರ್ಣವಿರಾಮ
ಸಾರೀಕ... ಅಲ್ಲ, ಸಾರೂಕ: ತಪ್ಪು ಮಾಡುವ ಮೊದಲೇ ಸಾರಿ ಕೇಳಿ, ಆಮೇಲೆ ನಿಧಾನವಾಗಿ ಮಾಡುವವ.

ಸುಮ್ನಿರಿ
ಮ್ಯೂಟೂಕ: ಮೀಟಿಂಗಿನಲ್ಲಿ ಹತ್ತು ನಿಮಿಷ ಭಾವಪೂರ್ಣವಾಗಿ ಮಾತಾಡಿ, ಆಮೇಲೆ 'ಕೇಳಿಸ್ತಾ ಇದ್ಯಾ' ಅನ್ನುವವ.

ಸೋದರಮಾವ
ಜಂಜಪೂಕ: ಸದಾ ಬಾಯಲ್ಲಿ ಜಪ ಗೊಣಗುತ್ತಲೇ ಇರುವವ.

ಒಂಟಿಕೊಂಬು
ಇದು ಸ್ವಲ್ಪ ಅತಿಯಾಯಿತು ತಿಗಣೆಯವರೇ. 'ಜಂಜಪೂಕ' ಅಂತ ಯಾರು ನಂಬುತ್ತಾರೆ? ಸದ್ದಿನಲ್ಲೇ ಸುಳ್ಳು ಗೊತ್ತಾಗುತ್ತೆ.

ಪೂರ್ಣವಿರಾಮ
ಹೂಂ, ಇದು ಸೊನ್ನೆ ಅಂಕ.

ಅರ್ಕಾವತ್ತು
ಸುಮ್ಮನಾಗುತ್ತೇನೆ ಅಂದಿದ್ದೆ. ಆದರೆ ಜಂಜಪೂಕ ನಿಜವಾದ ಪದ. ಅರ್ಥವೂ ಅವರು ಬರೆದದ್ದೇ.

ಸೋದರಮಾವ
ಒಂದು ಸಲ ತಿಗಣೆ ಆದವನು ಜಾಗರೂಕನಾಗಿರುತ್ತಾನೆ. ಈ ಸಲ ನೋಡಿಕೊಂಡೇ ಬರೆದೆ.

ಒಂಟಿಕೊಂಬು
ಶರಣು.

ನಿಘಂಟುಹುಳ
ಮೂರನೇಸಾಲು ಅವರ ಮೂಲ ಪ್ರಶ್ನೆಗೆ ಇಲ್ಲೇ ಉತ್ತರ ಸಿಕ್ಕಿತು ನೋಡಿ. ಸೋದರಮಾವ ಹಾಕಿದ್ದು ಒಂದೇ ಸಾಲು, ಅದರಲ್ಲಿ ಜೋಕ್ ಇಲ್ಲ. ಆದರೂ ನಾವೆಲ್ಲ ಸುಳ್ಳು ಅಂದೆವು, ಯಾಕೆಂದರೆ ಅದಕ್ಕೂ ಮೊದಲು ಬಂದವೆಲ್ಲ ಸುಳ್ಳು. ನಿಮ್ಮ ಆಟದಲ್ಲೂ ಚೀಟಿ ಓದುವ ಸರದಿ ಮುಖ್ಯ. ಮೂರು ತಮಾಷೆಯ ಅರ್ಥ ಆದಮೇಲೆ ನಿಮ್ಮ ಒಣಗಿದ ಸುಳ್ಳು ಬಂದರೆ ಅದು ದೇವರಂಥ ಸತ್ಯದ ಹಾಗೆ ಕೇಳಿಸುತ್ತದೆ. ಸರದಿ ನಿಮ್ಮ ಕೈಯಲ್ಲಿ ಇಲ್ಲ, ಗೊತ್ತು. ಆದರೆ ಒಣಗಿಸೋದು ನಿಮ್ಮ ಕೈಯಲ್ಲಿದೆ.

ಇನ್ನೂ ಒಂದು ದಾರಿ ಇದೆ. ಅರ್ಥವನ್ನು ಪದಕ್ಕಿಂತ ಕಷ್ಟ ಮಾಡಿ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ಇಂಗ್ಲಿಷ್ ನಿಘಂಟಿನಲ್ಲಿ 'ನೆಟ್‌ವರ್ಕ್' ಎಂಬುದಕ್ಕೆ ಬರೆದ ಅರ್ಥದ ತಾತ್ಪರ್ಯ ಹೀಗಿದೆ: ಸಮನಾದ ದೂರಗಳಲ್ಲಿ ಜಾಲವಾಗಿ ಹೆಣೆದ ಅಥವಾ ಅಡ್ಡಹಾಯ್ದ, ಕೂಡುವ ಜಾಗಗಳ ನಡುವೆ ತೆರಪು ಬಿಟ್ಟ ಯಾವುದಾದರೂ ವಸ್ತು. ಬಲೆ ಅಂತ ಹೇಳಿದ್ದರೆ ಆಗುತ್ತಿತ್ತು. ಇದನ್ನು ಯಾರಾದರೂ ನಿಮ್ಮ ಆಟದಲ್ಲಿ ಓದಿದರೆ 'ಇಷ್ಟು ಬೇಜಾರಿನ ಸುಳ್ಳು ಯಾರೂ ಬರೆಯಲ್ಲ' ಅಂತ ಎಲ್ಲರೂ ಅದಕ್ಕೇ ಕೈ ಎತ್ತುತ್ತಾರೆ.

ಕಾಗುಣಿತ
ಅದೇ ಜಾನ್ಸನ್ ನಿಘಂಟುಕಾರ ಅನ್ನೋದಕ್ಕೆ ಏನು ಬರೆದ ಅದನ್ನೂ ಹೇಳಿ. ಯಾರಿಗೂ ಹಾನಿ ಮಾಡದ, ಕತ್ತೆಯ ಹಾಗೆ ದುಡಿಯುವವನು ಅಂತ ಬರೆದುಕೊಂಡ. ನಿಘಂಟಿನಲ್ಲಿ ಜೋಕ್ ಇರಲ್ಲ ಅಂತ ಮೇಲೆ ಯಾರೋ ಹೇಳಿದ್ದರು.

ನಿಘಂಟುಹುಳ
ಅದು ಜೋಕ್ ಅಲ್ಲ, ಕಷ್ಟಸುಖ.

ಬಿಳಿಹಾಳೆ
ನಾನೂ ಒಂದು ಬರೆಯಲಾ? ನಗಬೇಡಿ.
ಬೆಬ್ಬಳಿಸು: (ಕ್ರಿ) ಎದುರಿಗೆ ಬರುವವರಿಗೆ ದಾರಿ ಬಿಡಲು ಎಡಕ್ಕೆ ಸರಿದು, ಅವರೂ ಅದೇ ಕಡೆ ಸರಿದಾಗ ಬಲಕ್ಕೆ ಸರಿದು, ಅವರೂ ಬಲಕ್ಕೆ ಸರಿದಾಗ ಇಬ್ಬರೂ ನಕ್ಕು, ಮತ್ತೆ ಎಡಕ್ಕೆ ಸರಿ.
ನಿಜವಾದ ಅರ್ಥ: ಗಾಬರಿಯಾಗು, ದಿಕ್ಕು ತೋಚದಂತಾಗು.

ಒಂಟಿಕೊಂಬು
ನಗಬೇಡಿ ಅಂದ್ರೆ ಹೇಗೆ? ಇಡೀ ಚರ್ಚೆಯಲ್ಲಿ ಇದೇ ಮೊದಲನೇದು ನನ್ನ ಲೆಕ್ಕದಲ್ಲಿ. ಕೊನೆಯ 'ಸರಿ' ನೋಡಿ. ನಿಘಂಟಿನಲ್ಲಿ ಕ್ರಿಯಾಪದ ಕೊಡುವ ಹಾಗೇ ಧಾತುವಿನಲ್ಲಿ ನಿಲ್ಲಿಸಿದ್ದಾರೆ!

ಸೋದರಮಾವ
ನನಗೆ ನಿನ್ನೆ ಲಿಫ್ಟ್ ಬಾಗಿಲಲ್ಲಿ ಬೆಬ್ಬಳಿಸಿತು. ಇನ್ನು ಮೇಲೆ ಇದೇ ಪದ.

ಬಿಳಿಹಾಳೆ
ಹೋಗಲಿ ಬಿಡಿ, ಒಂದು ಪದ ಬದುಕಿತು.

ಮೂರನೇಸಾಲು
ನಿನ್ನೆ ರಾತ್ರಿ ಆಟ ಆಯಿತು. ವರದಿ ಕೊಡುತ್ತೇನೆ.

ಪದ 'ಗೊಟ್ಟ'. ಕೈಯಲ್ಲಿ ಚೀಟಿ ಹಿಡಿದು ಕೂತೆ. ಮೊದಲು ತಲೆಗೆ ಬಂದದ್ದು 'ಗೊತ್ತಿಲ್ಲ ಅಂತ ಒಪ್ಪಿಕೊಳ್ಳದವನು'. ಬರೆದೂ ಬರೆದೆ. ನಿಘಂಟುಹುಳ ನೆನಪಾದರು. ಹರಿದು ಹಾಕಿದೆ. ಎರಡನೇ ಚೀಟಿಯಲ್ಲಿ ಬರೆದದ್ದು: 'ಸುತ್ತಿಗೆಯ ಹಿಡಿ ಸಡಿಲವಾದಾಗ ಸಂದಿಗೆ ಬಡಿಯುವ ಮರದ ಚೂರು.' ಅಷ್ಟೇ. ಬರೆದು ಕೊಡುವಾಗ ಕೈ ಬೆವರಿತ್ತು. ಓದುವಾಗ ಯಾರ ಮುಖವನ್ನೂ ನೋಡಲಿಲ್ಲ. ಗೋಡೆ ಗಡಿಯಾರ ನೋಡುತ್ತಿದ್ದೆ.

ಮೂರು ಜನ ನಂಬಿದರು! ಮೂರು ಅಂಕ. ಒಬ್ಬರಂತೂ 'ನಮ್ಮ ಅಜ್ಜ ಈ ಪದ ಬಳಸುತ್ತಿದ್ದರು' ಅಂತ ಸಾಕ್ಷಿ ಬೇರೆ ಹೇಳಿದರು.

ನಿಜವಾದ ಅರ್ಥ ದನಗಳಿಗೆ ಔಷಧ ಕುಡಿಸುವ ಬಿದಿರಿನ ಕೊಳವೆ. ಅದನ್ನು ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದು ಮೂರನೇಸಾಲಿನದೇ ಇರಬೇಕು, ಇವನಿಗೆ ಬುದ್ಧಿ ಬರಲ್ಲ ಅಂದರು. ಅದಕ್ಕೆ ಒಂದೂ ಮತ ಬೀಳಲಿಲ್ಲ.

ನಿಘಂಟುಹುಳ
ಕಣ್ಣು ತುಂಬಿ ಬಂತು.

ಸುಮ್ನಿರಿ
ಒಂದು ನಿಮಿಷ. ಆ ಮರದ ಚೂರಿಗೆ ಬೆಣೆ ಅಂತ ಬೇರೆ ಹೆಸರೇ ಇದೆಯಲ್ಲ. ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ವಾ?

ಮೂರನೇಸಾಲು
ದಯವಿಟ್ಟು ಅವರಿಗೆ ಹೇಳಬೇಡಿ.

ಅರ್ಕಾವತ್ತು
ಮುಗಿಸುವ ಮೊದಲು ನನ್ನದೊಂದು ಪದ. ಯಾರೂ ನಿಘಂಟು ತೆಗೆಯಬಾರದು. ಪದ: ಗಡ್ಡಲಿಕಾಪ್ರವಾಹ. ಅರ್ಥ ಬರೆಯಿರಿ.

ಒಂಟಿಕೊಂಬು
ಸುಲಭ. ಗಡ್ಡ ಬೋಳಿಸಿಕೊಂಡವರು ವಾಷ್‌ಬೇಸಿನ್ ತೊಳೆಯದೆ ಹೋದಾಗ, ಮನೆಯವರ ಬಾಯಿಂದ ಹರಿಯುವ ಮಾತಿನ ಹೊಳೆ.

ಪೂರ್ಣವಿರಾಮ
ಛೆ, ನಾನೂ ಅದನ್ನೇ ಬರೆಯುತ್ತಿದ್ದೆ.

ಅರೆನಿದ್ದೆ
ನನ್ನದೂ ಅದೇ ಇತ್ತು.

ಸೋದರಮಾವ
ನನ್ನದೂ. ವಾಷ್‌ಬೇಸಿನ್ ಬದಲು ನಲ್ಲಿ ಅಂತ ಇತ್ತು.

ಮೂರನೇಸಾಲು
ನನ್ನದೂ ಅದೇ.

ಅರ್ಕಾವತ್ತು
ನಿಜವಾದ ಅರ್ಥ: ಒಂದು ಕುರಿ ಹೋದ ಕಡೆಗೇ, ಯಾಕೆ ಅಂತ ಕೇಳದೆ, ಹಿಂದಿನ ಕುರಿಗಳೆಲ್ಲ ಸಾಲಾಗಿ ಹೋಗುವುದು.

ಸುಮ್ನಿರಿ
ನನ್ನದೂ ಅದೇ ಇತ್ತು.